ಮೂಲ ತೋರಿಸು

ಬಚ್ಚಲುಮನೆಯಲ್ಲಿ ಭುಜಂಗ ಶೆಟ್ಟರು ಮೈಮೇಲೆ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿರುವಾಗಲೇ ಚಂಪಾ ಅವರ ಫೋನನ್ನು ಕೈಗೆತ್ತಿಕೊಂಡು ಆ ಗುಂಡಿಯನ್ನು ಒತ್ತಿಯೇಬಿಟ್ಟಳು. ಬೂದು ಬಣ್ಣದಲ್ಲಿದ್ದದ್ದು ಹಸಿರಾಯಿತು, ಅಷ್ಟೇ. 'ಆಮದು ಮಾಡಿದ ಬರಹಗಳ ಮೂಲ ತೋರಿಸು' ಎಂದು ಅದರ ಪಕ್ಕದಲ್ಲಿತ್ತು. ಬದಲಾವಣೆ ಕಾಣಲು ಸ್ವಲ್ಪ ಹೊತ್ತು ಹಿಡಿಯಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅಯ್ಯೋ ದೇವರೇ, ಒತ್ತಿಬಿಟ್ಟೆನಲ್ಲ! ಫೋನನ್ನು ಮೊದಲು ಹೇಗಿತ್ತೋ ಹಾಗೆಯೇ ಮೇಜಿನ ಮೇಲೆ ಮಲಗಿಸಿ, ಅಡುಗೆಮನೆಗೆ ಓಡಿ, ಫ್ರಿಜ್ಜಿನ ಬಾಗಿಲು ತೆಗೆದು, ಯಾಕೆ ತೆಗೆದೆ ಎಂದು ಗೊತ್ತಾಗದೆ ಅದರ ತಣ್ಣಗಿನ ಬೆಳಕಿನ ಎದುರು ನಿಂತುಕೊಂಡಳು. ನಗು ಒತ್ತರಿಸಿಕೊಂಡು ಬರುತ್ತಿತ್ತು. ಐವತ್ತು ದಾಟಿದ ಹೆಂಗಸು, ಇನ್ನಂಜೆಯಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ಮನೆಯವಳು, ಪಕ್ಕದ ತೋಟದ ಮಾವಿನಕಾಯಿ ಕದ್ದು ಓಡಿಬಂದ ಹುಡುಗಿಯ ಹಾಗೆ ಏದುಸಿರು ಬಿಡುವುದೆಂದರೇನು! ಅದೂ ಕದ್ದದ್ದು ಯಾರದ್ದು? ತನ್ನದೇ. ಕಳ್ಳಿ, ಎಂದು ತನ್ನನ್ನೇ ಬೈದುಕೊಂಡು ಮೊಸರಿನ ಪಾತ್ರೆಯನ್ನು ಹೊರತೆಗೆದಳು.

ವಿಷಯ ಇಷ್ಟೇ. ಇವತ್ತು ಮಧ್ಯಾಹ್ನದ ಮೇಲೆ ಕಾರ್ಕಳದಲ್ಲಿ ಅವಳ ಗಂಡನಿಗೆ ಸನ್ಮಾನ. ಮಣಿಪಾಲದವರು ನಡೆಸುವ 'ದಂಡೆ' ಎಂಬ ಬ್ಲಾಗು ತಾಣದಲ್ಲಿ ಭುಜಂಗ ಶೆಟ್ಟರ ಬಹರೈನ್ ಬರಹಗಳನ್ನು ಊರಿಗೆ ಊರೇ ಓದುತ್ತಿದೆ. ಆ ಬರಹಗಳಲ್ಲಿ ಭುಜಂಗ ಶೆಟ್ಟರದ್ದು ಎಂಬುದು ಒಂದು ಅಲ್ಪವಿರಾಮವೂ ಇಲ್ಲ. ಅಷ್ಟೂ ಚಂಪಾ ಬರೆದದ್ದು. ಬಹರೈನಿನ ಆ ಫ್ಲಾಟಿನಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ, ಬಟ್ಟೆ ಒಣಹಾಕುವ ಬಾಲ್ಕನಿಯ ಮೂಲೆಯಲ್ಲಿ ಕುಳಿತು ಬರೆದದ್ದು. ಆಗ ಅವಳಿಗೆ ಅಂತ ಒಂದು ಇ-ಮೇಲ್ ಇರಲಿಲ್ಲ, ಗಂಡನದ್ದರಲ್ಲೇ ಬ್ಲಾಗು ತೆರೆದಿದ್ದಳು. ಯಾರಿಗೆ ಗೊತ್ತಿತ್ತು, ಆ ಚಿಕ್ಕ ಸೋಮಾರಿತನ ಇಷ್ಟು ವರ್ಷದ ಮೇಲೆ ಹೀಗೆ ಕಚ್ಚುತ್ತದೆಂದು? ಹಳೆಯ ಬ್ಲಾಗುಗಳನ್ನೆಲ್ಲ ನಮ್ಮಲ್ಲಿಗೆ ತನ್ನಿ, ಹಾಳಾಗದ ಹಾಗೆ ಇಟ್ಟುಕೊಳ್ಳುತ್ತೇವೆ ಎಂದು ದಂಡೆಯವರು ಕರೆಕೊಟ್ಟಾಗ ಇವಳೇ ಉತ್ಸಾಹದಿಂದ ಎಲ್ಲವನ್ನೂ ಆಮದು ಮಾಡಿದಳು. ಅವರ ಯಂತ್ರಕ್ಕೆ ಇ-ಮೇಲ್ ಯಾರದ್ದೋ ಬರಹವೂ ಅವರದ್ದೇ. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿಯೊಂದರ ತಲೆಯ ಮೇಲೂ ಭುಜಂಗ ಶೆಟ್ಟಿ, ಪಕ್ಕದಲ್ಲಿ ಕಂಪೆನಿಯ ಗುರುತುಚೀಟಿಗೆ ತೆಗೆಸಿದ, ಟೈ ಕಟ್ಟಿದ ಆ ಬೆದರಿದ ಮುಖ.

ಅವತ್ತೇ ಸರಿಮಾಡಬಹುದಿತ್ತು. ಮಾಡಲಿಲ್ಲ. ಅದನ್ನು ನೆನೆಸಿದರೆ ಈಗಲೂ ಮೈ ಉರಿಯುತ್ತದೆ, ಉರಿ ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಇರಲಿ ಬಿಡಿ, ನನ್ನ ಹೆಸರು ಬೇಡ, ಅದರಲ್ಲಿ ನಿಮ್ಮ ಅಕ್ಕನ ಸುದ್ದಿಯೂ ಉಂಟು ಎಂದು ಹೇಳಿದವಳು ಅವಳೇ. ನಂದಿಕೂರಿನ ಅತ್ತಿಗೆ ಬಹರೈನಿಗೆ ಬಂದು, ಫ್ರಿಜ್ಜಿನ ಒಂದೊಂದೇ ಡಬ್ಬಿ ತೆರೆದು ಮೂಸಿ ನೋಡಿ, ತಮ್ಮ ಇಷ್ಟು ಬಡಕಲಾದದ್ದು ಹೇಗೆಂದು ಪತ್ತೆಹಚ್ಚಿದ ಕತೆ. ಅದನ್ನು ತಮ್ಮನೇ ಬರೆದದ್ದೆಂದುಕೊಂಡು ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ನೆರೆಕರೆಯವರಿಗೆಲ್ಲ ಓದಿಹೇಳಿದ್ದರು. ಬರೆದದ್ದು ತಮ್ಮನ ಹೆಂಡತಿ ಎಂದು ಗೊತ್ತಾದರೆ ಅದೇ ಕತೆ ಮಹಾಯುದ್ಧ! ಹಾಗೆ ಸುಮ್ಮನಾದದ್ದು. ಮೊದಲ ವಾರ ಕಾಪುವಿನ ವಿಠಲಣ್ಣ ಫೋನು ಮಾಡಿ "ಎಂತ ಮಾರಾಯ, ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಅಡಗಿಸಿಟ್ಟಿದ್ದೆ?" ಎಂದಾಗ ಭುಜಂಗ ಶೆಟ್ಟರು "ಹೆ ಹೆ, ಹಾಗೆಂತ ಇಲ್ಲ" ಎಂದಿದ್ದರು. ಬಸಳೆ ಹೆಚ್ಚುತ್ತಿದ್ದವಳಿಗೆ ಕೇಳಿಸಿತ್ತು. 'ಹಾಗೆಂತ ಇಲ್ಲ' ಎಂದರೆ ಸುಳ್ಳಲ್ಲ, ನಿಜವೂ ಅಲ್ಲ. ಎರಡನೆಯ ವಾರಕ್ಕೆ 'ಹಾಗೆಂತ ಇಲ್ಲ' ಬಿದ್ದುಹೋಗಿ ಬರೀ 'ಹೆ ಹೆ' ಉಳಿಯಿತು.

ಕಾಪುವಿನ ಮದುವೆಯೊಂದರಲ್ಲಿ ಅದೇ ವಿಠಲಣ್ಣ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಸಾರಿದ್ದರು. "ಗಂಡಸಾಗಿ ಎಂಥ ಸೂಕ್ಷ್ಮ ಮಾರಾಯ್ರೆ! ಸಿಗಡಿ ಸುಲಿದ ಬೆರಳಿಗೆ ಆಗುವ ತುರಿಕೆ ಕೂಡ ಬರೆದಿದ್ದಾನೆ. ನಮ್ಮ ಮನೆಯಲ್ಲಿ ಹೆಂಗಸರು ಇಷ್ಟು ವರ್ಷದಿಂದ ಸುಲೀತಾರೆ, ಒಬ್ಬಳಾದರೂ ಹೇಳಿದ್ದುಂಟಾ?" ಹೇಳಿದ್ದಾಳೆ ವಿಠಲಣ್ಣ, ನಿಮ್ಮ ಹೆಂಡತಿ ಸಾವಿರ ಸಲ ಹೇಳಿದ್ದಾಳೆ, ನಿಮ್ಮ ಕಿವಿಗೆ ಬೀಳಬೇಕಾದರೆ ಅದಕ್ಕೆ ಮೀಸೆ ಬರಬೇಕಾಯಿತು. ಆದರೆ ಚಂಪಾ ಬಾಯಿಬಿಡಲಿಲ್ಲ. "ಚಂಪಕ್ಕ, ನೀವು ಪುಣ್ಯ ಮಾಡಿದ್ದೀರಿ" ಎಂದು ಯಾರೋ ಅಂದಾಗ ನಕ್ಕಳು. ಆ ನಗುವನ್ನು ಮನೆಗೆ ಬಂದು ಕನ್ನಡಿಯಲ್ಲಿ ಮತ್ತೆ ನಕ್ಕು ನೋಡಿದ್ದಳು. ಥೂ, ಎಷ್ಟು ಸಲೀಸಾಗಿ ಬರುತ್ತದೆ! ಇವರ ಜಾತಿಯಲ್ಲಿ ಮಕ್ಕಳಿಗೆ ಬಳಿ, ಅಂದರೆ ಕುಲ, ತಾಯಿಯದು. ಹುಟ್ಟಿದ ಕೂಸು ಯಾವ ವಂಶದ್ದೆಂದು ಕೇಳಿದರೆ ಹೆತ್ತವಳ ಮನೆಯನ್ನೇ ತೋರಿಸುವುದು, ಸಂಬಂಧ ಕೇಳಿಕೊಂಡು ಬಂದವರೂ ಮೊದಲು ವಿಚಾರಿಸುವುದು ತಾಯಿಯ ಬಳಿಯನ್ನೇ. ಹೆತ್ತದ್ದಕ್ಕೆ ಇರುವ ನ್ಯಾಯ ಬರೆದದ್ದಕ್ಕೆ ಇಲ್ಲವೇ? ಈ ಮಾತು ಅವತ್ತು ಕನ್ನಡಿಯ ಎದುರು ಹೊಳೆದಾಗ ಅದನ್ನೂ ಬರೆಯಬೇಕೆನಿಸಿತ್ತು. ಬರೆದರೆ ಅದೂ ಭುಜಂಗ ಶೆಟ್ಟರ ಹೆಸರಿನಲ್ಲೇ ಬರುತ್ತಿತ್ತು, ಹಾಗಾಗಿ ಬರೆಯಲಿಲ್ಲ.

"ಹೇಗೆ ಕಾಣ್ತದೆ?" ಭುಜಂಗ ಶೆಟ್ಟರು ಹೊಸ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಮದುಮಗನ ಹಾಗೆ ಉಂಟು. ಇನ್ನೊಂದು ಮದುವೆ ಮಾಡಿಸುವ ಅಂತ ಯಾರಾದರೂ ಬಂದಾರು, ಜಾಗ್ರತೆ" ಎಂದಳು.

ಅವರು ಮಗುವಿನ ಹಾಗೆ ಸಂತೋಷಪಟ್ಟರು. ಕಾಲರನ್ನು ಸರಿಮಾಡಿಕೊಡಲು ಹೋದವಳಿಗೆ ಅವರ ಕತ್ತಿನ ಹಿಂದೆ ಉಳಿದಿದ್ದ ಸೋಪಿನ ನೊರೆ ಕಂಡಿತು. ಜೀವಮಾನವಿಡೀ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿದ ಮನುಷ್ಯ. ಯಾರೂ ಒಂದು ಹೂವು ಕೊಟ್ಟು ಮಾತಾಡಿಸಿದ್ದಿಲ್ಲ. ಈಗ ಮುದಿಪ್ರಾಯದಲ್ಲಿ ಒಂದು ಶಾಲು, ಒಂದು ಹಾರ. ನಾನೇನು ಮಾಡಿಟ್ಟಿದ್ದೇನೆ? ವೇದಿಕೆಯ ಮೇಲೆ, ಅಷ್ಟು ಜನರ ಎದುರು, ಹಳೆಯ ಬ್ಲಾಗಿನ ಹೆಸರು ಹೇಳುವ ಗೆರೆ ಮೂಡಿದರೆ ಈ ಮುಖ ಎಲ್ಲಿಗೆ ಹೋಗಬೇಕು? ನೊರೆಯನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಿರುವಾಗಲೂ, ಮೂಡಿತೋ ಇಲ್ಲವೋ ಎಂದು ನೋಡಲು ಕೈ ತುರಿಸುತ್ತಿತ್ತು.

ಇನ್ನಂಜೆಯಿಂದ ಕಾರ್ಕಳಕ್ಕೆ ಶಿರ್ವದ ಮೇಲೆ ನೇರ ಹೋಗಬಹುದಿತ್ತು. ಆದರೆ ದಂಡೆಯನ್ನು ಕಟ್ಟಿದ ಡೆನ್ವರನನ್ನು ಮಣಿಪಾಲದಿಂದ ಕರೆದುಕೊಂಡು ಹೋಗಬೇಕು, ಬರಹವನ್ನು ಪರದೆಯ ಮೇಲೆ ತೋರಿಸುವವನು ಅವನು. ಹಾಗಾಗಿ ಉಡುಪಿಯ ದಾರಿಯಾಗಿ ಸುತ್ತು. ಹೆದ್ದಾರಿಯುದ್ದಕ್ಕೂ ಚಂಪಾ ತನ್ನ ಫೋನಿನಲ್ಲಿ ಗಂಡನ ಪುಟವನ್ನು ತೆರೆದು, ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದಳು. ಇಲ್ಲ. ಕಟಪಾಡಿಯಲ್ಲಿ ಇಲ್ಲ. ಕಡಿಯಾಳಿಯಲ್ಲಿ ಇಲ್ಲ. ಇಂದ್ರಾಳಿಯ ಏರಿನಲ್ಲಿ ಸಿಗ್ನಲ್ಲೇ ಇಲ್ಲ. "ಎಂತ ಅಷ್ಟು ನೋಡುವುದು ಆವಾಗದಿಂದ?" ಎಂದು ಕಾರು ಓಡಿಸುತ್ತಿದ್ದ ಭುಜಂಗ ಶೆಟ್ಟರು ಕನ್ನಡಿಯಲ್ಲೇ ನೋಡಿ ಕೇಳಿದರು. "ನಿಮ್ಮ ಬರಹ" ಎಂದಳು. ಅವರಿಗೆ ಖುಷಿಯಾಯಿತು.

ಕಲ್ಯಾಣಪುರದ ಡೆನ್ವರ್ ಮೂವತ್ತೈದರ ಆಸುಪಾಸಿನವನು, ಮಾತಿಗೊಮ್ಮೆ ಕನ್ನಡಕ ಸರಿಮಾಡಿಕೊಳ್ಳುವವನು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತ. ಹಿಂದಿನ ಸೀಟಿನಲ್ಲಿ ಚಂಪಾ, ಪಕ್ಕದಲ್ಲಿ ನೀರಿನ ಬಾಟಲಿ, ಗಂಡನ ಇಸ್ತ್ರಿ ಮಾಡಿದ ಅಂಗವಸ್ತ್ರ. ಪರ್ಕಳ ದಾಟುವವರೆಗೆ ಹೇಗೋ ತಡೆದುಕೊಂಡವಳು, ಆಮೇಲೆ ಏನೂ ಅರಿಯದವಳ ಹಾಗೆ ಕೇಳಿದಳು.

"ಅದು ಎಂತ ಡೆನ್ವರ್, ಹೊಸತಾಗಿ ಮೂಲ ತೋರಿಸುವುದು ಅಂತ ಬಂದಿದೆಯಲ್ಲ?"

"ಅದಾ ಆಂಟಿ? ತುಂಬ ಜನ ಬೇರೆಯವರ ಬ್ಲಾಗಿನಿಂದ ತಂದು ತಮ್ಮ ಹೆಸರಲ್ಲಿ ಹಾಕ್ತಾರೆ ಅಂತ ದೂರು ಇತ್ತು. ಈಗ ಗುಂಡಿ ಒತ್ತಿದ್ರೆ ಬರಹದ ಕೆಳಗೆ ಒಂದು ಗೆರೆ ಬರ್ತದೆ, ಎಲ್ಲಿಂದ ಬಂತು ಅಂತ. ಅದನ್ನು ಮುಟ್ಟಿದ್ರೆ ಹಳೆ ಬ್ಲಾಗೇ ತೆರೀತದೆ. ಸದ್ಯಕ್ಕೆ ಒತ್ತುವವರ ಇಷ್ಟ. ಪ್ರಾಮಾಣಿಕರು ಒತ್ತುತ್ತಾರೆ."

"ಒತ್ತಿದ ಮೇಲೆ ತೆಗೀಲಿಕ್ಕೆ ಆಗ್ತದಾ?"

"ಆಗ್ತದೆ. ಯಾಕೆ?"

"ಸುಮ್ಮನೆ ಕೇಳಿದ್ದು ಮಾರಾಯ."

ಭುಜಂಗ ಶೆಟ್ಟರು ತಲೆ ತಿರುಗಿಸಲಿಲ್ಲ. ಅವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ. ಅವರ ಫೋನು ಚಾರ್ಜಿನ ದಾರಕ್ಕೆ ಸಿಕ್ಕಿಕೊಂಡು ಎರಡು ಸೀಟುಗಳ ನಡುವೆ, ಇವಳ ಕೈಗೆ ಎಟಕುವ ಹಾಗೆಯೇ ಬಿದ್ದಿತ್ತು. ಹಿರಿಯಡ್ಕದ ಪೇಟೆಯಲ್ಲಿ ಬಸ್ಸು ಅಡ್ಡ ನಿಂತು ಕಾರು ತಡೆದಾಗ ಅವಳು ಅದನ್ನು ಮೆಲ್ಲ ಎತ್ತಿಕೊಂಡು, ಉಸಿರು ಬಿಗಿಹಿಡಿದು, ಹಸಿರನ್ನು ಮತ್ತೆ ಬೂದು ಮಾಡಿದಳು. ಮುಗಿಯಿತು. ಇನ್ನು ಯಾವ ಗೆರೆಯೂ ಇಲ್ಲ. ಮನುಷ್ಯ ಶಾಲು ಹೊದೆಸಿಕೊಂಡು ಸುಖವಾಗಿ ಮನೆಗೆ ಬರಲಿ, ಅತ್ತಿಗೆ ನಗುತ್ತಲೇ ಇರಲಿ. ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ. ಬೆಳಗಿನಿಂದ ಮೈತುಂಬ ಓಡಾಡುತ್ತಿದ್ದ ಆ ಕುಣಿತವೆಲ್ಲ ಒಮ್ಮೆಲೇ ನಿಂತು, ಬಸ್ಸು, ಪೇಟೆ, ಬಾಳೆಹಣ್ಣಿನ ಗೊನೆ ನೇತುಹಾಕಿದ ಅಂಗಡಿ ಎಲ್ಲವೂ ಸಪ್ಪೆಯಾಗಿ ಕಂಡವು. ಬಾಲ್ಕನಿಯಲ್ಲಿ ಬರೆಯಲು ಕೂತಿದ್ದ ಆ ತೆಳ್ಳನೆಯ ಹೆಂಗಸು, ಒಣಗಿದ ಬಟ್ಟೆಗಳ ನಡುವಿನಿಂದ ಮುಖ ಹೊರಗೆ ಹಾಕಿ, ಇಷ್ಟೆಯಾ ಎಂದು ಕೇಳಿದ ಹಾಗಾಯಿತು.

ಮುಂದಿನ ಸೀಟಿನಲ್ಲಿ ಭಾಷಣದ ತಾಲೀಮು ನಡೆದಿತ್ತು. "ಅಂಕಲ್, ಅಡುಗೆಯ ಬಗ್ಗೆ ಅಷ್ಟು ಚಂದ ಹೇಗೆ ಬರೆದ್ರಿ ಅಂತ ಖಂಡಿತ ಕೇಳ್ತಾರೆ" ಎಂದ ಡೆನ್ವರ್.

"ಅದಕ್ಕೆಂತ? ಹೇಳ್ತೇನೆ. ಅಡುಗೆಮನೆಯಲ್ಲೇ ನಿಂತು ಬರೀತಿದ್ದೆ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪೆನ್ನು ಅಂತ." ಭುಜಂಗ ಶೆಟ್ಟರು ತಾವೇ ಮೆಚ್ಚಿಕೊಂಡು ನಕ್ಕರು. "ಚಂದ ಉಂಟಲ್ವಾ? ನಿನ್ನೆ ಹೊಳೆಯಿತು."

ಸೌಟು! ಬಹರೈನಿನಲ್ಲಿದ್ದ ಅಷ್ಟು ವರ್ಷವೂ 'ಚಂಪಾ, ಉಪ್ಪು ಎಲ್ಲಿ ಉಂಟು' ಎಂದು ಕೇಳಿದ ಬಾಯಿ! 'ಹೆ ಹೆ' ಅನ್ನುವುದನ್ನು ಸಹಿಸಬಹುದಿತ್ತು. ಬಾಲ್ಕನಿಯನ್ನು ತೆಗೆದುಕೊಂಡದ್ದಾಯಿತು, ಈಗ ಅಡುಗೆಮನೆಗೂ ನುಗ್ಗಿ ಅವಳ ಕೈಯ ಸೌಟನ್ನೇ ಕಸಿದುಕೊಳ್ಳುವುದೆಂದರೆ! ಕಿವಿ ಬಿಸಿಯಾಯಿತು. ಬೈಲೂರಿನ ತಿರುವಿನಲ್ಲಿ, ಕಾರು ಒಂದು ಕಡೆಗೆ ವಾಲಿದ ಹೊತ್ತಿಗೆ ಸರಿಯಾಗಿ, ಗಂಡನ ಫೋನಿನ ಮೇಲೆ ಹೆಬ್ಬೆರಳನ್ನು ಊರಿ ಮತ್ತೆ ಹಸಿರು ಮಾಡಿದಳು. ಓಹ್! ಎಲ್ಲಿ ಹೋಗಿತ್ತೋ ಆ ಕುಣಿತ, ಕಾಲಬೆರಳಿನಿಂದಲೇ ಎದ್ದು ಬಂತು. ಬಂದದ್ದು ಬರಲಿ. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಗಾಳಿಗೆ ಮುಖ ಕೊಟ್ಟಳು. "ಕೂದಲು ಕೆದರ್ತದೆ ನೋಡು" ಎಂದರು ಭುಜಂಗ ಶೆಟ್ಟರು. "ಕೆದರಲಿ" ಎಂದಳು.

ಸಭಾಭವನ ತುಂಬಿತ್ತು. ಸನ್ಮಾನ ಇಟ್ಟುಕೊಂಡಿದ್ದ ಓದುಗರ ಕೂಟದ ಅಧ್ಯಕ್ಷರು ಪಾಸ್ಕಲ್ ಮಾಸ್ಟ್ರು, ಹೈಸ್ಕೂಲಿನಿಂದ ನಿವೃತ್ತರಾದರೂ ದನಿ ನಿವೃತ್ತವಾಗದವರು. ಚಂಪಾಳನ್ನು ಮೂರನೆಯ ಸಾಲಿನಲ್ಲಿ, 'ಶ್ರೀಮತಿಯವರು' ಎಂದು ಕರೆದು ಕೂರಿಸಿದರು. ಅವಳು ಸೆರಗಿನ ಮರೆಯಲ್ಲಿ ಕೊನೆಯ ಸಲ ಎಳೆದು ನೋಡಿದಳು. ಗೆರೆ ಇಲ್ಲ. ಒತ್ತಿ, ತೆಗೆದು, ಮತ್ತೆ ಒತ್ತಿ ಯಂತ್ರಕ್ಕೇ ತಲೆಕೆಡಿಸಿದೆನೋ ಏನೋ! ಸ್ವಾಗತ ಆಯಿತು, ಪ್ರಾರ್ಥನೆ ಆಯಿತು. ಮೊದಲು ಲೇಖಕರ ಬಾಯಿಂದಲೇ ಒಂದು ಬರಹವನ್ನು ಕೇಳೋಣ, ಆಮೇಲೆ ಶಾಲು ಎಂದು ಮಾಸ್ಟ್ರು ಘೋಷಿಸಿದಾಗ ಡೆನ್ವರ್ ಪರದೆಯ ಮೇಲೆ ಒಂದನ್ನು ತೆರೆದ. 'ಎದುರು ಕಿಟಕಿ'. ಚಂಪಾ ಮುಂದಕ್ಕೆ ಬಾಗಿ ಕುಳಿತಳು. ಬಹರೈನಿನ ನೆರೆಯವಳು ಜೋಸ್ಲಿನಳ ಕತೆ.

ಭುಜಂಗ ಶೆಟ್ಟರು ಕನ್ನಡಕ ಏರಿಸಿ ಓದತೊಡಗಿದರು, ಪರದೆಯ ಕಡೆಗೆ ಅರ್ಧ ತಿರುಗಿ, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಪದಪದವಾಗಿ. ಎದುರು ಫ್ಲಾಟಿನ ಜೋಸ್ಲಿನ್, ಕಲ್ಯಾಣಪುರದವಳು. ಕೆಳಗೆ ರಸ್ತೆಯಲ್ಲಿ ಒಮ್ಮೆಯೂ ಭೇಟಿಯಾದದ್ದಿಲ್ಲ. ಬಟ್ಟೆ ಹಿಂಡುತ್ತ, ಕ್ಲಿಪ್ಪು ಸಿಕ್ಕಿಸುತ್ತ, ಒಂದು ಬಾಲ್ಕನಿಯಿಂದ ಇನ್ನೊಂದಕ್ಕೆ ಕೂಗಿ ಆಡಿದ ಮಾತೇ ಎಲ್ಲ. ಅವಳಿಗೆ ತುಳು ಅರ್ಧ, ಇವಳಿಗೆ ಕೊಂಕಣಿ ಕಾಲು, ಉಳಿದದ್ದಕ್ಕೆ ಕನ್ನಡ. ಒಂದು ಬೆಳಿಗ್ಗೆ ಜೋಸ್ಲಿನ್ ಬಟ್ಟೆಯಿಲ್ಲದ ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ಕೈಬೀಸದೆ ಕಿಟಕಿ ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಬರಹ ಮುಗಿಯುತ್ತದೆ. ಓದುತ್ತ ಓದುತ್ತ ಭುಜಂಗ ಶೆಟ್ಟರ ದನಿ ಬದಲಾಗುತ್ತಿತ್ತು. ಮೊದಲಿನ ಒಪ್ಪಿಸುವಿಕೆ ಹೋಗಿ, ಮುಂದೆ ಏನು ಎಂಬ ಅವಸರ ಬಂತು. ಒಂದು ಕಡೆ "ಅಯ್ಯೋ" ಎಂದರು, ಅದು ಬರಹದಲ್ಲಿ ಇರಲಿಲ್ಲ. ಆಗ ಚಂಪಾಳಿಗೆ ಹೊಳೆಯಿತು. ಇವರು ಇದನ್ನು ಓದುತ್ತಿರುವುದು ಇದೇ ಮೊದಲು. ಇಷ್ಟು ದಿನ ಹೊಗಳಿಕೆ ತಿಂದವರು ಒಂದನ್ನೂ ಕೊನೆಯವರೆಗೆ ಓದಿರಲಿಲ್ಲ! ಕಪಾಳಕ್ಕೆ ಬಿಗಿದ ಹಾಗಾಯಿತು. ಆದರೂ ಕಣ್ಣು ಅವರಿಂದ ಕೀಳಲಾಗಲಿಲ್ಲ. ತಾನು ಬರೆದದ್ದನ್ನು ಒಬ್ಬರು ಮೊದಲ ಸಲ ಓದುವಾಗ ಮುಖ ಹೇಗಾಗುತ್ತದೆಂದು ಅವಳು ಇದುವರೆಗೆ ನೋಡಿರಲೇ ಇಲ್ಲ.

ಪರದೆಯ ಮೇಲೆ ಇದ್ದದ್ದನ್ನೆಲ್ಲ ಓದುವ ಭರದಲ್ಲಿ ಭುಜಂಗ ಶೆಟ್ಟರು ಕೊನೆಯ ಸಾಲಿನಲ್ಲೂ ನಿಲ್ಲಲಿಲ್ಲ. ಕೆಳಗಿನ ಗೆರೆಯನ್ನೂ ಮೈಕಿನಲ್ಲಿ ಸ್ಪಷ್ಟವಾಗಿ ಓದಿದರು. "ಈ ಬರಹದ ಮೂಲ, ಚಂಪಾಳ ಬಾಲ್ಕನಿ."

ಬಂದಿದೆ! ಅವಳ ಮೈಯೆಲ್ಲ ಜುಮ್ಮೆಂದಿತು. ಇಷ್ಟು ದೊಡ್ಡ ಅಕ್ಷರದಲ್ಲಿ ತನ್ನ ಹೆಸರನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಡೆನ್ವರ್ ಕನ್ನಡಕ ಸರಿಮಾಡಿಕೊಂಡು ಪರದೆಯನ್ನೂ ಮೂರನೆಯ ಸಾಲನ್ನೂ ನೋಡಿದ. ಭುಜಂಗ ಶೆಟ್ಟರು ಬಾಯಿ ತೆರೆದದ್ದು ಹಾಗೆಯೇ. ಅಷ್ಟರಲ್ಲಿ ಪಾಸ್ಕಲ್ ಮಾಸ್ಟ್ರು ಇನ್ನೊಂದು ಮೈಕನ್ನು ಎತ್ತಿಕೊಂಡರು.

"ಚಂಪಾ ಅಂದರೆ ನಿಮ್ಮ ಶ್ರೀಮತಿಯವರಲ್ವಾ? ನೋಡಿ ಬಂಧುಗಳೇ, ನೋಡಿ! ಬ್ಲಾಗಿಗೂ ಹೆಂಡತಿಯ ಹೆಸರನ್ನೇ ಇಟ್ಟಿದ್ದಾರೆ. ಇದಲ್ಲವಾ ದಾಂಪತ್ಯ!"

ಸಭಾಭವನ ಹಾರಿಹೋಗುವ ಹಾಗೆ ಚಪ್ಪಾಳೆ. ಹಿಂದಿನ ಸಾಲಿನಿಂದ ಯಾರೋ ಚಂಪಾಳ ಬೆನ್ನು ತಟ್ಟಿ "ಪುಣ್ಯವಂತೆ" ಎಂದರು. ಮತ್ತೆ ಅದೇ ಮಾತು! ಹೆಸರು ಕಂಡರೂ ಬರೆದವಳು ಕಾಣಲಿಲ್ಲವಲ್ಲ ಇವರಿಗೆ. ಮೂಲ ಎಂದು ಬೆರಳಿಟ್ಟು ತೋರಿಸಿದರೂ ಅದನ್ನು ಗಂಡನ ಔದಾರ್ಯದ ಖಾತೆಗೇ ಜಮಾ ಮಾಡಿದರಲ್ಲ! ಭುಜಂಗ ಶೆಟ್ಟರು ಮೆಲ್ಲಗೆ ಬಾಯಿ ಮುಚ್ಚಿ, ಕೈಮುಗಿದರು. ಬಚಾವಾದವರ ಮುಖ. ಕೈಮುಗಿಯುತ್ತ ಇವಳ ಕಡೆ ನೋಡಿದರು, ನೋಡಿದವರು ಕಣ್ಣು ಕೆಳಗೆ ಹಾಕಿದರು. ಮಾಸ್ಟ್ರು ಶಾಲಿನ ಮಡಿಕೆ ಬಿಚ್ಚತೊಡಗಿದರು. ಎದ್ದು ಕಿರುಚಬೇಕು ಅನಿಸಿತು. ಸೆರಗಿನ ಮರೆಯ ಫೋನನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದಳು.

ಆಗ ಗೋಡೆಯ ಕಡೆಯಿಂದ ಒಬ್ಬ ಹೆಂಗಸು ಎದ್ದು ನಿಂತಳು. "ಸರ, ಒಂದು ಪ್ರಶ್ನೆ ಐತ್ರಿ. ನಾ ರಾಜಶ್ರೀ ಅಂತ್ರಿ, ಬಾಗಲಕೋಟಿ ಕಡೆಯಾಕಿ, ಇಲ್ಲೇ ಬ್ಯಾಂಕಿನ್ಯಾಗ ಕೆಲಸ ಮಾಡ್ತೀನ್ರಿ. ಆ ಜೋಸ್ಲಿನ್ ಕಿಟಕಿ ಹಾಕ್ಕೊಂಡ್ಲಲ್ರಿ, ಮುಂದ ಆಕಿದು ಏನಾತ್ರಿ? ಇದನ್ನ ಓದಿದಾಗಿಂದ ನನಗ ನಿದ್ದಿನ ಬರವಲ್ದು. ನಾನೂ ಊರು ಬಿಟ್ಟು ಬಂದಾಕಿ, ಅದಕ್ಕ ಕೇಳಾಕತ್ತೀನಿ."

"ಒಳ್ಳೆ ಪ್ರಶ್ನೆ" ಎಂದು ಮಾಸ್ಟ್ರು ಭುಜಂಗ ಶೆಟ್ಟರ ಕಡೆ ತಿರುಗಿದರು. ಭುಜಂಗ ಶೆಟ್ಟರು ಮೈಕು ಹಿಡಿದರು. ಹೆ ಹೆ ಎನ್ನುತ್ತಾರೆ, ಈಗ ಎನ್ನುತ್ತಾರೆ, ಎಂದು ಚಂಪಾ ಹಲ್ಲು ಕಚ್ಚಿಕೊಂಡಳು. ಅವರು ಅನ್ನಲಿಲ್ಲ. ಪರದೆಯ ಮೇಲಿನ ಆ ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿದರು, ಕನ್ನಡಕ ತೆಗೆದರು.

"ನನಗೆ ಗೊತ್ತಿಲ್ಲ" ಎಂದರು. "ನಾನು ಇದನ್ನು ಈಗಲೇ ಓದಿದ್ದು." ಯಾರೋ ನಕ್ಕರು, ತಮಾಷೆಯೆಂದುಕೊಂಡು. ಅವರು ನಗಲಿಲ್ಲ. "ಬರೆದವಳು ಅಲ್ಲಿ ಕೂತಿದ್ದಾಳೆ. ಎಲ್ಲ ಅವಳೇ ಬರೆದದ್ದು." ಆಮೇಲೆ ಸಭೆಯನ್ನೇ ಮರೆತು, ಮನೆಯಲ್ಲಿ ಬಾಗಿಲ ಹತ್ತಿರ ನಿಂತು ಕೇಳುವ ಅದೇ ದನಿಯಲ್ಲಿ, ಮೈಕಿನಲ್ಲಿ ಕೇಳಿದರು. "ಚಂಪಾ, ಎಂತ ಆಯಿತು ಅವಳಿಗೆ?"

ಎಲ್ಲರ ಕತ್ತುಗಳೂ ಒಟ್ಟಿಗೆ ತಿರುಗಿದವು. ಕಾಲು ತಾನಾಗಿಯೇ ಎದ್ದು ನಿಂತಿತು. ಸಿಟ್ಟು, ನಾಚಿಕೆ, ಖುಷಿ, ಯಾವುದು ಯಾವುದೆಂದು ಬೇರೆಮಾಡಲು ಪುರುಸೊತ್ತೇ ಇರಲಿಲ್ಲ. ಹೇಳುವುದು ಅಷ್ಟು ಇತ್ತು. ಡೆನ್ವರ್ ಮೈಕು ತರಲು ಓಡಿದ, ಅವಳು ಅದಕ್ಕೆ ಕಾಯಲಿಲ್ಲ. ಪಾಸ್ಕಲ್ ಮಾಸ್ಟ್ರು ಬಿಚ್ಚಿದ ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡು, ಯಾರ ಕಡೆ ಹೋಗಬೇಕೆಂದು ತಿಳಿಯದೆ ವೇದಿಕೆಯ ನಡುವೆ ನಿಂತಿದ್ದರು.

"ಹೇಳ್ತೇನೆ" ಎಂದಳು ಚಂಪಾ. "ಸ್ವಲ್ಪ ಉದ್ದ ಉಂಟು. ಮಾಸ್ಟ್ರೇ, ನೀವು ಕೂತುಕೊಳ್ಳಿ."

ಪಾಸ್ಕಲ್ ಮಾಸ್ಟ್ರು ಕೂತರು.